ಮಗುವಿಗೆ ಎಲೆಕ್ಟ್ರಿಕ್ ಗಿಟಾರ್: ಯಾವ ವಾದ್ಯ, ಯಾವ ಗುರು, ಶಾಲೆಯ ಪಾಠಗಳೊಂದಿಗೆ ಎಂಥ ನಂಟು

ಎಲೆಕ್ಟ್ರಿಕ್ ಗಿಟಾರ್ ಬೇಕೆಂದು ಮಗು ಕೇಳಿದರೆ ಮನೆಯಲ್ಲಿ ಸಾಮಾನ್ಯವಾಗಿ ಎರಡು ಮಾತು ಏಳುತ್ತವೆ. ಮೊದಲು ಸಾದಾ ಗಿಟಾರ್ ಕಲಿಯಲಿ, ಆಮೇಲೆ ನೋಡೋಣ ಎಂಬುದು ಒಂದು. ಇದರಿಂದ ಓದಿಗೆ ಏನು ಉಪಯೋಗ ಎಂಬುದು ಇನ್ನೊಂದು. ನಾನು ಮಕ್ಕಳಿಗೆ ಗಣಿತವನ್ನೂ ಗಿಟಾರನ್ನೂ ಹೇಳಿಕೊಡುವವನು. ಹಾಗಾಗಿ ಈ ಎರಡೂ ಮಾತುಗಳು ನನ್ನ ಬಳಿ ಮತ್ತೆ ಮತ್ತೆ ಬರುತ್ತವೆ. ಮೊದಲನೆಯದನ್ನು ನಾನು ಒಪ್ಪುವುದಿಲ್ಲ. ಎರಡನೆಯದಕ್ಕೆ ಒಳ್ಳೆಯ ಉತ್ತರವಿದೆ, ಆದರೆ ಅಂಕಪಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುವವರಿಗೆ ಆ ಉತ್ತರ ಸಿಗುವುದಿಲ್ಲ. ವಾದ್ಯ, ಅದರ ನಾದವನ್ನು ದೊಡ್ಡದು ಮಾಡಿ ಕೇಳಿಸುವ ಆಂಪ್, ಗುರು, ಶಾಲೆಯ ವಿಷಯಗಳೊಂದಿಗಿನ ನಂಟು, ಈ ನಾಲ್ಕರಲ್ಲೂ ಆಯ್ಕೆಗಳಿವೆ. ಕೊನೆಯದರ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲವಾದ್ದರಿಂದ ಅದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲ ಗಿಟಾರ್

ಅಂಗಡಿಯಲ್ಲಿ ಮೂರು ಬಗೆ ಕಾಣುತ್ತವೆ: ನೈಲಾನ್ ತಂತಿಯ ಕ್ಲಾಸಿಕಲ್, ಉಕ್ಕಿನ ತಂತಿಯ ಅಕೌಸ್ಟಿಕ್ ಮತ್ತು ಎಲೆಕ್ಟ್ರಿಕ್. ನೈಲಾನ್ ತಂತಿ ಬೆರಳಿಗೆ ಮೃದುವೇನೋ ಹೌದು, ಆದರೆ ಆ ಗಿಟಾರಿನ ನೆಕ್, ಅಂದರೆ ಬೆರಳು ಒತ್ತುವ ಉದ್ದನೆಯ ಕತ್ತು, ಅಗಲ. ದೊಡ್ಡ ಅಳತೆಯದರಲ್ಲಿ ಮೇಲ್ತುದಿಯ ನಟ್ (ತಂತಿಗಳು ಕೂರುವ ಪಟ್ಟಿ) ಬಳಿ ಸುಮಾರು 52 ಮಿಲಿಮೀಟರ್ ಇರುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಅದು 42-43 ಮಿಲಿಮೀಟರ್. ಎಂಟು ವರ್ಷದ ಮಗುವಿನ ಕೈಗೆ ಆ ಒಂದು ಸೆಂಟಿಮೀಟರ್ ದೊಡ್ಡ ಅಂತರ. ಉಕ್ಕಿನ ತಂತಿಯ ಅಕೌಸ್ಟಿಕ್‌ನಲ್ಲಿ ಅತಿ ತೆಳುವಾದ ತಂತಿ ಸಾಮಾನ್ಯವಾಗಿ 0.012 ಇಂಚು ದಪ್ಪ, ಎಲೆಕ್ಟ್ರಿಕ್‌ನಲ್ಲಿ 0.009 ಅಥವಾ 0.010 ಇಂಚು. ತಂತಿ ಮತ್ತು ಫ್ರೆಟ್‌ಗಳ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳ) ನಡುವಿನ ಎತ್ತರವೂ ಎಲೆಕ್ಟ್ರಿಕ್‌ನಲ್ಲಿ ಕಡಿಮೆ. ಒತ್ತುವ ಶ್ರಮದ ದೃಷ್ಟಿಯಿಂದ ನೋಡಿದರೆ ಮಕ್ಕಳಿಗೆ ಸುಲಭವಾದದ್ದು ಎಲೆಕ್ಟ್ರಿಕ್ ಗಿಟಾರೇ.

ಅಕೌಸ್ಟಿಕ್‌ನಲ್ಲಿ ಕಷ್ಟಪಟ್ಟರೆ ಬೆರಳು ಗಟ್ಟಿಯಾಗುತ್ತದೆ, ಆಮೇಲೆ ಎಲ್ಲವೂ ಸಲೀಸು ಎಂಬ ವಾದವನ್ನು ಎಷ್ಟೋ ಅಪ್ಪ-ಅಮ್ಮಂದಿರು ನಂಬಿದ್ದಾರೆ. ಯಾವ ಗಿಟಾರ್ ಹಿಡಿದರೂ ಕೆಲವು ವಾರಗಳಲ್ಲಿ ಬೆರಳ ತುದಿ ಗಟ್ಟಿಯಾಗಿಯೇ ಆಗುತ್ತದೆ. ಅಷ್ಟರೊಳಗೆ ಮಗುವಿಗೆ ವಾದ್ಯದ ಮೇಲೆ ಬೇಸರ ಬಂದರೆ ಗಟ್ಟಿಯಾದ ಬೆರಳಿನಿಂದ ಪ್ರಯೋಜನವೇನು? ನನ್ನ ಅಳತೆಗೋಲು ಸರಳ: ಮಗು ದಿನವೂ ಯಾವ ನಾದವನ್ನು ಕೇಳುತ್ತದೋ ಅದನ್ನು ಕೊಡುವ ವಾದ್ಯವೇ ಮೊದಲ ವಾದ್ಯ. ಭಾವಗೀತೆಗೋ ಸಿನಿಮಾ ಹಾಡಿಗೋ ಜೊತೆಯಾಗಿ ನುಡಿಸುತ್ತಾ ಹಾಡುವ ಆಸೆಯಿದ್ದರೆ ಅಕೌಸ್ಟಿಕ್ ಸರಿ. ರಾಕ್ ಕೇಳುವ ಮಗುವಿನ ಕೈಗೆ ಅಕೌಸ್ಟಿಕ್ ಕೊಟ್ಟರೆ ಅದು ಎಷ್ಟೇ ಚೆನ್ನಾಗಿ ನುಡಿಸಿದರೂ ತನ್ನ ಕಿವಿಯಲ್ಲಿರುವ ನಾದ ಹೊರಬರುವುದಿಲ್ಲ.

ಇನ್ನು ಅಳತೆ. ತಂತಿಯ ಕಂಪಿಸುವ ಉದ್ದವನ್ನು ಸ್ಕೇಲ್ ಉದ್ದ ಎನ್ನುತ್ತಾರೆ. ಫೆಂಡರ್ ಸ್ಟ್ರಾಟೊಕಾಸ್ಟರ್ ಮಾದರಿಯಲ್ಲಿ ಅದು 648 ಮಿಲಿಮೀಟರ್, ಗಿಬ್ಸನ್ ಲೆಸ್ ಪಾಲ್ ಮಾದರಿಯಲ್ಲಿ ಸುಮಾರು 628. ಮಕ್ಕಳಿಗೆಂದು ಬರುವ ಸ್ಕ್ವಯರ್ ಮಿನಿ ಸ್ಟ್ರಾಟ್‌ನಲ್ಲಿ 578, ಐಬನೆಜ್ ಮೈಕ್ರೋ ಸರಣಿಯಲ್ಲಿ ಸುಮಾರು 564. ಮೊದಲ ಫ್ರೆಟ್‌ನಿಂದ ನಾಲ್ಕನೇ ಫ್ರೆಟ್‌ವರೆಗೆ ಬೆರಳು ಚಾಚಬೇಕಾದ ದೂರ ದೊಡ್ಡ ಸ್ಟ್ರಾಟ್‌ನಲ್ಲಿ 97 ಮಿಲಿಮೀಟರ್, ಮಿನಿಯಲ್ಲಿ 87. ಏಳರಿಂದ ಹತ್ತು ವರ್ಷದ ಮಕ್ಕಳಿಗೆ ಚಿಕ್ಕದು ಒಳ್ಳೆಯದು. ಹನ್ನೊಂದು ದಾಟಿದ್ದು, ಕೈ ತಕ್ಕಮಟ್ಟಿಗೆ ಬೆಳೆದಿದ್ದರೆ ನೇರವಾಗಿ ದೊಡ್ಡದನ್ನೇ ಕೊಳ್ಳಿ. ಎರಡು ವರ್ಷಕ್ಕೆ ಮತ್ತೆ ಖರ್ಚು ಮಾಡುವುದು ತಪ್ಪುತ್ತದೆ.

ಚಿಕ್ಕ ಗಿಟಾರಿಗೆ ಒಂದು ಕೊರತೆಯಿದೆ. ಒಂದೇ ದಪ್ಪದ ತಂತಿಯನ್ನು ಒಂದೇ ಶ್ರುತಿಗೆ ಎಳೆದಾಗ ಬಿಗಿತವು ಉದ್ದದ ವರ್ಗಕ್ಕೆ ಅನುಗುಣವಾಗಿರುತ್ತದೆ. 578ನ್ನು 648ರಿಂದ ಭಾಗಿಸಿ ವರ್ಗ ಮಾಡಿದರೆ 0.80, ಅಂದರೆ ಬಿಗಿತ ಐದನೇ ಒಂದು ಪಾಲು ಕಡಿಮೆ. ತಂತಿ ಸಡಿಲವಾಗಿ, ಒತ್ತಿದಾಗ ಸ್ವರ ಜಾರುತ್ತದೆ. 0.009ರ ಬದಲು 0.010ರ ತಂತಿ ಹಾಕಿಸಿದರೆ ಬಿಗಿತ ಹೆಚ್ಚುಕಡಿಮೆ ದೊಡ್ಡ ಗಿಟಾರಿನಷ್ಟೇ ಆಗುತ್ತದೆ, ಏಕೆಂದರೆ ದಪ್ಪವೂ ವರ್ಗದ ಲೆಕ್ಕದಲ್ಲೇ ಬಿಗಿತವನ್ನು ಏರಿಸುತ್ತದೆ. ಒಂಬತ್ತನೇ ತರಗತಿಯ ಮಗುವಿಗೆ ಈ ಲೆಕ್ಕವನ್ನು ಬಿಡಿಸಲು ಕೊಡಿ. ಉತ್ತರ ಸರಿಯೋ ತಪ್ಪೋ ಎಂಬುದನ್ನು ಬೆರಳೇ ಹೇಳುತ್ತದೆ.

ಉಳಿದವು ಚಿಕ್ಕ ಮಾತುಗಳು. ತಂತಿಗಳ ಕೆಳತುದಿ ಹಿಡಿಯುವ ಸೇತುವೆಯೇ (ಬ್ರಿಡ್ಜ್) ಅಲುಗಾಡುವ ಫ್ಲಾಯ್ಡ್ ರೋಸ್ ವ್ಯವಸ್ಥೆಯ ಗಿಟಾರ್ ಮೊದಲಿಗೆ ಬೇಡ. ಒಂದು ತಂತಿಯ ಶ್ರುತಿ ಬದಲಿಸಿದರೆ ಉಳಿದ ಐದೂ ಅಲುಗಾಡುತ್ತವೆ. ಲೆಸ್ ಪಾಲ್ ಮಾದರಿಯವು ನಾಲ್ಕು ಕಿಲೋ ತೂಗಬಲ್ಲವು, ಎಳೆಯ ಭುಜಕ್ಕೆ ಅದು ಹೊರೆ. ಕರಾವಳಿಯಲ್ಲಿದ್ದರೆ ತಂತಿ ಬೇಗ ತುಕ್ಕು ಹಿಡಿಯುತ್ತದೆ, ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸುವ ಅಭ್ಯಾಸ ಮಾಡಿಸಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನೆಕ್‌ನ ಮರ ಒಣಗಿ ಕುಗ್ಗಿದರೆ ಫ್ರೆಟ್‌ಗಳ ತುದಿ ಅಂಚಿನಿಂದ ಹೊರಗೆ ಚುಚ್ಚುತ್ತದೆ. ಯಾವುದನ್ನು ಕೊಂಡರೂ ಗಿಟಾರ್ ರಿಪೇರಿ ಬಲ್ಲವರಿಂದ ಒಮ್ಮೆ ಸೆಟಪ್, ಅಂದರೆ ತಂತಿಯ ಎತ್ತರ, ನೆಕ್‌ನ ಬಾಗು ಮುಂತಾದವನ್ನು ಹೊಂದಿಸುವ ಕೆಲಸ, ಮಾಡಿಸಿ. ಕಡಿಮೆ ಬೆಲೆಯ ಗಿಟಾರ್ ಸರಿಯಾದ ಸೆಟಪ್‌ನಿಂದ ಎಷ್ಟು ಬದಲಾಗುತ್ತದೆಂದರೆ, ನನ್ನ ಮಟ್ಟಿಗೆ ಇದು ಗಿಟಾರಿನ ಬೆಲೆಯಲ್ಲೇ ಸೇರಿರಬೇಕಾದ ಖರ್ಚು.

ಆಂಪ್, ಹೆಡ್‌ಫೋನ್ ಅಥವಾ ಕಂಪ್ಯೂಟರ್

ಐದರಿಂದ ಹತ್ತು ವ್ಯಾಟ್‌ನ ಪುಟ್ಟ ಆಂಪ್, ಗಿಟಾರಿಗೇ ಸಿಕ್ಕಿಸುವ ಹೆಡ್‌ಫೋನ್ ಆಂಪ್, ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್, ಇವು ಮೂರು ದಾರಿಗಳು. ಮೊದಲ ವರ್ಷಕ್ಕೆ ನಾನು ಪುಟ್ಟ ಆಂಪನ್ನೇ ಹೇಳುತ್ತೇನೆ. ಗುಂಡಿ ತಿರುಗಿಸಿದಾಗ ನಾದ ಬದಲಾಗುವುದು ಮಗುವಿನ ಕೈಗೆ ನೇರವಾಗಿ ಸಿಗಬೇಕು. ಪರದೆಯ ಮೇಲಿನ ನೂರು ಆಯ್ಕೆಗಳಲ್ಲಿ ಅಭ್ಯಾಸದ ಹೊತ್ತು ಕಳೆದುಹೋಗುತ್ತದೆ. ಇಂಟರ್‌ಫೇಸ್ ಎಂಟನೇ ತರಗತಿಯ ಹೊತ್ತಿಗೆ ಬರಲಿ. ಆಗ ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ತಾನು ನುಡಿಸಿದ ಸ್ವರದ ಅಲೆಯನ್ನು ಕಣ್ಣಾರೆ ನೋಡಬಹುದು.

ಫ್ಲ್ಯಾಟ್‌ನಲ್ಲಿರುವವರಿಗೆ ಹೆಡ್‌ಫೋನ್ ಅನಿವಾರ್ಯ, ಆದರೆ ಒಂದು ಎಚ್ಚರ ಬೇಕು. ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಿತಿ ವಾರಕ್ಕೆ 40 ಗಂಟೆ, 75 ಡೆಸಿಬಲ್. ವಯಸ್ಕರಿಗೆ ಅದು 80. ಡೆಸಿಬಲ್ ಎಂಬುದು ಲಾಗರಿದಮ್ ಅಳತೆ, 3 ಏರಿದರೆ ಶಬ್ದದ ಶಕ್ತಿ ಇಮ್ಮಡಿ. ಹೆಡ್‌ಫೋನ್ ಹಾಕಿಕೊಂಡ ಮಗುವಿಗೆ ನೀವು ಸಹಜ ದನಿಯಲ್ಲಿ ಕರೆದದ್ದು ಕೇಳಿಸದಿದ್ದರೆ ಶಬ್ದ ತಗ್ಗಿಸಿ. ಆಂಪನ್ನು ಭೂಸಂಪರ್ಕವಿರುವ ಮೂರು ಪಿನ್ನಿನ ಸಾಕೆಟ್‌ಗೇ ಹಾಕಬೇಕು. ವಾಲ್ವ್ (ನಿರ್ವಾತ ನಳಿಕೆ) ಇರುವ ಹಳೆಯ ಆಂಪ್ ಯಾರಾದರೂ ಕೊಟ್ಟರೆ ಅದನ್ನು ಮಕ್ಕಳು ಬಿಚ್ಚಿ ನೋಡದಂತೆ ಎಚ್ಚರ ವಹಿಸಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು.

ಯಾರು ಕಲಿಸಬೇಕು

ಮನೆಗೆ ಬರುವ ಅಥವಾ ತಮ್ಮ ಮನೆಯಲ್ಲೇ ಹೇಳಿಕೊಡುವ ಮೇಷ್ಟರು ಒಂದು ಆಯ್ಕೆ. ಮಗುವಿನ ವೇಗಕ್ಕೆ ತಕ್ಕಂತೆ ಪಾಠ ಸಾಗುತ್ತದೆ, ಕೈಯ ತಪ್ಪು ಅಂದೇ ತಿದ್ದುಪಡಿಯಾಗುತ್ತದೆ. ಸಂಗೀತ ಶಾಲೆ ಎರಡನೆಯದು. ಅಲ್ಲಿ ಜೊತೆಗಾರರು ಸಿಗುತ್ತಾರೆ, ಡ್ರಮ್ಸ್ ನುಡಿಸುವ ಇನ್ನೊಂದು ಮಗುವಿನೊಂದಿಗೆ ಕೂಡಿ ನುಡಿಸುವ ಸುಖ ಸಿಗುತ್ತದೆ. ಇಂಥ ಶಾಲೆಗಳು ಹೆಚ್ಚಾಗಿ ಟ್ರಿನಿಟಿ ಕಾಲೇಜ್ ಲಂಡನ್‌ನ ರಾಕ್ ಆ್ಯಂಡ್ ಪಾಪ್ ಅಥವಾ ರಾಕ್‌ಸ್ಕೂಲ್ ಗ್ರೇಡ್ ಪರೀಕ್ಷೆಗಳಿಗೆ ತಯಾರು ಮಾಡುತ್ತವೆ. ಎರಡರಲ್ಲೂ ಎಂಟು ಗ್ರೇಡ್‌ಗಳಿವೆ, ಅದಕ್ಕೂ ಮೊದಲು ಒಂದು ಆರಂಭಿಕ ಹಂತವಿದೆ. ಟ್ರಿನಿಟಿಯ ಒಲವು ಹಾಡುಗಳನ್ನು ನುಡಿಸುವುದರ ಕಡೆಗೆ. ಮೂರು ಹಾಡು, ಜೊತೆಗೆ ಕೇಳಿ ನುಡಿಸುವ ಅಥವಾ ಮನೋಧರ್ಮದಿಂದ ನುಡಿಸುವ ಒಂದು ಸಣ್ಣ ಪರೀಕ್ಷೆ. ರಾಕ್‌ಸ್ಕೂಲ್‌ನ ಪೂರ್ಣ ಪರೀಕ್ಷೆಯಲ್ಲಿ ಸ್ಕೇಲ್‌ಗಳ (ಸ್ವರಶ್ರೇಣಿಗಳ) ಅಭ್ಯಾಸ, ಕಿವಿಯ ಪರೀಕ್ಷೆ, ಮೌಖಿಕ ಪ್ರಶ್ನೆಗಳೂ ಇವೆ. ಏಕೆ ಹೀಗೆ ಎಂದು ಕೇಳುವ ಮಗುವಿಗೆ ರಾಕ್‌ಸ್ಕೂಲ್ ಹೆಚ್ಚು ಕೊಡುತ್ತದೆ. ವೇದಿಕೆಯ ಮೇಲೆ ಅರಳುವ ಮಗುವಿಗೆ ಟ್ರಿನಿಟಿ ಒಗ್ಗುತ್ತದೆ. ಪರೀಕ್ಷೆಯ ಹೆಸರು ಕೇಳಿದರೇ ಮುದುಡುವ ಮಗುವಿಗೆ ಎರಡೂ ಬೇಡ. ಶಾಲೆಯಲ್ಲಿ ಈಗಾಗಲೇ ಬೇಕಾದಷ್ಟು ಪರೀಕ್ಷೆಗಳಿವೆ.

ಮೂರನೆಯದು ಆ್ಯಪ್. ಯೂಸಿಷಿಯನ್‌ನಂಥವು ಮೊಬೈಲಿನ ಮೈಕ್‌ನಿಂದ ಆಲಿಸಿ ಸ್ವರ ಸರಿಯೇ, ಹೊತ್ತಿಗೆ ಸರಿಯಾಗಿ ಬಂತೇ ಎಂದು ಹೇಳುತ್ತವೆ. ಹೆಬ್ಬೆರಳು ಎಲ್ಲಿದೆ, ಮಣಿಕಟ್ಟು ಎಷ್ಟು ಬಾಗಿದೆ, ಭುಜ ಬಿಗಿದಿದೆಯೇ ಎಂಬುದನ್ನು ಅವು ಹೇಳಲಾರವು, ಮಗುವಿನ ಮೊದಲ ವರ್ಷದಲ್ಲಿ ಮುಖ್ಯವಾದದ್ದು ಅದೇ. ಹಳ್ಳಿಯಲ್ಲೋ ಸಣ್ಣ ಊರಿನಲ್ಲೋ ಇದ್ದು ಹತ್ತಿರದಲ್ಲಿ ಮೇಷ್ಟರು ಸಿಗದಿದ್ದರೆ ಆ್ಯಪ್ ಜೊತೆಗೆ ತಿಂಗಳಿಗೆ ಒಂದೆರಡು ಬಾರಿಯಾದರೂ ವಿಡಿಯೋ ಕರೆಯಲ್ಲಿ ನೋಡಿ ತಿದ್ದುವವರನ್ನು ಹುಡುಕಿ.

ಗುರುವಿಗೆ ಭೌತವಿಜ್ಞಾನ ಬರಬೇಕೆಂದಿಲ್ಲ. ವಾರಕ್ಕೆ ಸಿಗುವ ಮುಕ್ಕಾಲು ಗಂಟೆಯ ಪಾಠದಲ್ಲಿ ತರಂಗಗಳ ಬಗ್ಗೆಯೂ ಹೇಳಿಕೊಡಿ ಎಂದು ಅವರನ್ನು ಕೇಳಬೇಡಿ. ಆ ಹೊತ್ತು ಕೈಗೆ ಮತ್ತು ಕಿವಿಗೆ ಸೇರಿದ್ದು. ಶಾಲೆಯ ನಂಟು ಬೆಸೆಯುವ ಕೆಲಸ ಮನೆಯದು.

ನಂಟು ಬೆಸೆಯುವ ಮೂರು ಬಗೆ

ಸಂಗೀತ ಕಲಿತರೆ ಮಗು ಗಣಿತದಲ್ಲಿ ಜಾಣನಾಗುತ್ತದೆ ಎಂಬ ಆಸೆಯನ್ನು ಮೊದಲು ಬದಿಗಿಡೋಣ. ಮೊಜಾರ್ಟ್ ಸಂಗೀತ ಕೇಳಿದರೆ ಬುದ್ಧಿ ಹೆಚ್ಚುತ್ತದೆ ಎಂಬ ಸುದ್ದಿಯ ಮೂಲ 1993ರ ಒಂದು ಅಧ್ಯಯನ. ಅದರಲ್ಲಿದ್ದವರು ಕಾಲೇಜು ವಿದ್ಯಾರ್ಥಿಗಳು, ಮಕ್ಕಳಲ್ಲ; ಕಂಡ ಪರಿಣಾಮ ಹತ್ತು-ಹದಿನೈದು ನಿಮಿಷ ಮಾತ್ರ ಉಳಿದಿತ್ತು. ವಾದ್ಯ ಕಲಿಯುವ ಮಕ್ಕಳ ಬಗೆಗಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ ಶಾಲೆಯ ಸಾಧನೆಯ ಮೇಲೆ ನಂಬಬಹುದಾದ ಪರಿಣಾಮ ಕಾಣಲಿಲ್ಲ ಎಂದೇ ಹೇಳಿತು. ಗಿಟಾರ್ ಹಿಡಿದ ಮಾತ್ರಕ್ಕೆ ಬೀಜಗಣಿತ ಬರುವುದಿಲ್ಲ. ಆದರೆ ಗಿಟಾರಿನೊಳಗೆ ಬೀಜಗಣಿತವಿದೆ, ಅದನ್ನು ತೆಗೆದು ತೋರಿಸಿದರೆ ಮಗು ನೋಡುತ್ತದೆ. ಈ ಎರಡು ಮಾತುಗಳ ನಡುವಿನ ವ್ಯತ್ಯಾಸದ ಮೇಲೇ ಮುಂದಿನ ಹೋಲಿಕೆಯೆಲ್ಲ ನಿಂತಿದೆ.

ಮೊದಲ ಬಗೆಯಲ್ಲಿ ನುಡಿಸುವಾಗ ತಾನಾಗಿ ಏಳುವ ಪ್ರಶ್ನೆಯನ್ನು ಹಿಡಿದು ಶಾಲೆಯ ವಿಷಯದ ಕಡೆಗೆ ಹೋಗುತ್ತೇವೆ. ಫ್ರೆಟ್‌ಗಳು ಕೆಳಗೆ ಹೋದಂತೆ ಏಕೆ ಹತ್ತಿರವಾಗುತ್ತವೆ? ಆಂಪ್ ಏಕೆ ಗುಂಯ್ ಎನ್ನುತ್ತದೆ? ಎರಡನೆಯ ಬಗೆ, ತಿಂಗಳಿಗೊಂದು ಯೋಜನೆ: ಒಂದು ಪ್ರಯೋಗ, ಒಂದು ಅಳತೆ, ಒಂದು ಪುಟದ ಬರಹ. ಮೂರನೆಯದರಲ್ಲಿ ಶಾಲೆಯ ಪಠ್ಯಕ್ರಮ ಮುಂದೆ, ಗಿಟಾರ್ ಹಿಂದೆ. ಈ ವಾರ ಶಾಲೆಯಲ್ಲಿ ಭಿನ್ನರಾಶಿ ನಡೆಯುತ್ತಿದೆ, ಹಾಗಾಗಿ ಗಿಟಾರಿನಲ್ಲೂ ಭಿನ್ನರಾಶಿ.

ಮನೆಯಲ್ಲೇ ಓದಿಸುವ ಕುಟುಂಬಗಳಿಗೆ ಮೂರನೆಯದು ಆಕರ್ಷಕವಾಗಿ ಕಾಣುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆಯನ್ನು ಇತರ ವಿಷಯಗಳೊಂದಿಗೆ ಬೆಸೆಯಬೇಕೆಂದು ಹೇಳಿದ ಮೇಲೆ ಶಾಲೆಗಳಲ್ಲೂ ಇದರ ಮಾತಿದೆ. ನನಗೆ ಇದು ಒಪ್ಪಿಗೆಯಿಲ್ಲ. ಶಾಲೆಯಿಂದ ತಪ್ಪಿಸಿಕೊಂಡು ಗಿಟಾರ್ ಬಳಿ ಬರುವ ಮಗುವಿಗೆ ಅಲ್ಲೂ ಶಾಲೆಯೇ ಕಾದಿದ್ದರೆ ಗಿಟಾರನ್ನೇ ದೂರ ಮಾಡೀತು. ಹತ್ತು ವರ್ಷದೊಳಗಿನವರಿಗೆ ಮೊದಲ ಬಗೆಯೊಂದೇ ಸಾಕು. ಆಮೇಲೆ ಮೊದಲ ಬಗೆಯ ಜೊತೆಗೆ, ಮಗು ಒಪ್ಪಿದರೆ, ಎರಡನೆಯದು. ಗುಣಿತವನ್ನು ಗಿಟಾರ್ ತಾಳಕ್ಕೆ ಹಾಡಿಸುವುದು, ಇತಿಹಾಸದ ಇಸವಿಗಳಿಗೆ ರಾಗ ಹಾಕುವುದು ಇವೆಲ್ಲ ನಂಟೇ ಅಲ್ಲ. ಅಲ್ಲಿ ಗಿಟಾರಿನ ಬದಲು ತಟ್ಟೆ ಬಡಿದರೂ ಅದೇ ಕೆಲಸ ಆಗುತ್ತದೆ.

ಯಾವ ವಿಷಯದೊಂದಿಗಿನ ನಂಟು ಗಟ್ಟಿ, ಯಾವುದರದು ತೆಳು ಎಂಬುದನ್ನು ಒಂದೊಂದಾಗಿ ನೋಡಬಹುದು.

ಗಣಿತ

ಇದು ಎಲ್ಲಕ್ಕಿಂತ ಗಟ್ಟಿ. ಅಳತೆಪಟ್ಟಿ ಹಿಡಿದು 648 ಮಿಲಿಮೀಟರಿನ ಗಿಟಾರ್ ಮುಂದೆ ಮಗುವನ್ನು ಕೂರಿಸಿ. ಹನ್ನೆರಡನೇ ಫ್ರೆಟ್ ನಟ್‌ನಿಂದ 324 ಮಿಲಿಮೀಟರ್ ದೂರದಲ್ಲಿದೆ, ಸರಿಯಾಗಿ ಅರ್ಧ. ಅಲ್ಲಿ ಒತ್ತಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳುತ್ತದೆ. ಮೊದಲ ಫ್ರೆಟ್ 36.4 ಮಿಲಿಮೀಟರ್ ದೂರ. ಹನ್ನೊಂದರಿಂದ ಹನ್ನೆರಡನೇ ಫ್ರೆಟ್‌ಗೆ ಅಂತರ ಸುಮಾರು 19.3 ಮಾತ್ರ. ಪ್ರತಿ ಹೆಜ್ಜೆಯಲ್ಲೂ ಉಳಿದ ತಂತಿಯನ್ನು 1.0595ರಿಂದ ಭಾಗಿಸುತ್ತಾ ಹೋಗಬೇಕು. ಹನ್ನೆರಡು ಸಲ ಭಾಗಿಸಿದರೆ ಅರ್ಧಕ್ಕೆ ಬಂದು ನಿಲ್ಲುತ್ತದೆ, ಏಕೆಂದರೆ 1.0595 ಎಂಬುದು 2ರ ಹನ್ನೆರಡನೇ ಮೂಲ. ಗುಣೋತ್ತರ ಶ್ರೇಢಿಯನ್ನು ಕಾಗದದ ಮೇಲೆ ನೋಡುವ ಎಷ್ಟೋ ವರ್ಷ ಮೊದಲು ಮಗುವಿನ ಬೆರಳು ಅದರ ಮೇಲೆ ನಡೆದಾಡಿರುತ್ತದೆ. ಆರನೇ ತರಗತಿಯ ಮಗುವಿಗೆ ಮೂಲದ ಮಾತು ಬೇಡ, ಅಂತರಗಳನ್ನು ಅಳೆದು ಪಟ್ಟಿ ಮಾಡಿ, ಅವು ಸಮನಾಗಿ ಕಡಿಮೆಯಾಗುತ್ತಿಲ್ಲ ಎಂದು ಕಂಡುಕೊಂಡರೆ ಸಾಕು.

ಇದರ ಮುಂದಿನ ಹೆಜ್ಜೆ ನನಗೆ ಬಹಳ ಪ್ರಿಯ. ತಂತಿಯನ್ನು ಒತ್ತದೆ, ಮೂರನೇ ಒಂದು ಭಾಗದಲ್ಲಿ ಹಗುರವಾಗಿ ಮುಟ್ಟಿ ಮೀಟಿದರೆ ಗಂಟೆಯಂಥ ಹಾರ್ಮೋನಿಕ್ ಸ್ವರ ಬರುತ್ತದೆ. 648ರ ಮೂರನೇ ಒಂದು ಭಾಗ 216. ಅಲ್ಲೇ ಪಕ್ಕದಲ್ಲಿರುವ ಏಳನೇ ಫ್ರೆಟ್ ಇರುವುದು 215.5ರಲ್ಲಿ. ಅರ್ಧ ಮಿಲಿಮೀಟರ್ ವ್ಯತ್ಯಾಸ ಏಕೆ? ಪ್ರಕೃತಿ ಕೊಡುವ ಪಂಚಮ ಸರಿಯಾಗಿ 3/2, ಗಿಟಾರಿನ ಪಂಚಮ 1.4983. ಎಲ್ಲ ಶ್ರುತಿಗಳಲ್ಲೂ ಒಂದೇ ರೀತಿ ನುಡಿಸಲು ಬರಬೇಕೆಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ್ದರ ಬೆಲೆ ಅದು. ನಮ್ಮ ವೀಣೆಯ ಮೆಟ್ಟಿಲುಗಳನ್ನು ಮೇಣದ ಮೇಲೆ ಕಿವಿಯ ನಿರ್ಣಯದಿಂದ ಕೂರಿಸುತ್ತಾರೆ. ಮನೆಯಲ್ಲಿ ಅಜ್ಜಿಯೋ ಅತ್ತೆಯೋ ವೀಣೆ ನುಡಿಸುವವರಿದ್ದರೆ ಎರಡು ವಾದ್ಯಗಳನ್ನೂ ಅಕ್ಕಪಕ್ಕ ಇಟ್ಟು ಅಳೆಯಿರಿ. ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ರಾಕ್ ಗಿಟಾರಿನ ಪವರ್ ಕಾರ್ಡ್‌ನಲ್ಲಿ ಷಡ್ಜ, ಪಂಚಮ ಎರಡೇ ಏಕೆ, ಗಾಂಧಾರ ಏಕಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಡಿಸ್ಟಾರ್ಷನ್, ಅಂದರೆ ನಾದವನ್ನು ಒರಟಾಗಿಸುವ ಪರಿಣಾಮ, ಹಾಕಿದಾಗ ಎರಡು ಸ್ವರಗಳ ಆವೃತ್ತಿಯ ಮೊತ್ತ ಮತ್ತು ವ್ಯತ್ಯಾಸವೂ ಹೊಸ ಸ್ವರಗಳಾಗಿ ಹುಟ್ಟುತ್ತವೆ. ಎ (A) ಸ್ವರದ ತಂತಿ 110 ಹರ್ಟ್ಜ್, ಅದರ ಪಂಚಮ ಸುಮಾರು 165; ವ್ಯತ್ಯಾಸ 55, ಅಂದರೆ ಕೆಳಗಿನ ಸ್ಥಾಯಿಯ ಅದೇ ಎ ಸ್ವರ. ನಾದ ದಪ್ಪವಾಗುತ್ತದೆ. ಅಂತರ ಗಾಂಧಾರದ ಆವೃತ್ತಿ ಗಿಟಾರಿನಲ್ಲಿ 138.6, ವ್ಯತ್ಯಾಸ 28.6. ಎರಡು ಸ್ಥಾಯಿ ಕೆಳಗಿನ ಎ 27.5ರಲ್ಲಿದೆ, ಹತ್ತಿರವಿದ್ದೂ ಕೂಡುವುದಿಲ್ಲ. ನಾದ ಕದಡುತ್ತದೆ. ನಾಲ್ಕನೇ ತರಗತಿಯ ವ್ಯವಕಲನ ಸಾಕು ಇದಕ್ಕೆ. ಮೊದಲು ಎರಡನ್ನೂ ನುಡಿಸಿ ಕೇಳಿಸಿ, ಆಮೇಲೆ ಲೆಕ್ಕ ಮಾಡಿಸಿ. ಲೆಕ್ಕ ಮೊದಲಾದರೆ ಕಿವಿಗೆ ಕಂಡುಕೊಳ್ಳುವ ಅವಕಾಶವೇ ತಪ್ಪುತ್ತದೆ.

ವಿಜ್ಞಾನ

ಎಲೆಕ್ಟ್ರಿಕ್ ಗಿಟಾರ್ ಅಕೌಸ್ಟಿಕ್‌ಗಿಂತ ಮುಂದಿರುವುದು ಇಲ್ಲಿ. ಅಕೌಸ್ಟಿಕ್ ಗಿಟಾರ್ ಅನುರಣನವನ್ನು ಚೆನ್ನಾಗಿ ತೋರಿಸುತ್ತದೆ, ಅಷ್ಟೇ. ಎಲೆಕ್ಟ್ರಿಕ್‌ನಲ್ಲಿ ಶಬ್ದದ ಪಾಠದ ಜೊತೆಗೆ ಕಾಂತ ಮತ್ತು ವಿದ್ಯುತ್ತಿನ ಪಾಠವೂ ಇದೆ. ಪಿಕಪ್ ಎಂದರೆ ಕಾಂತಗಳ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿದ ಸುರುಳಿ. ಮೇಲಿರುವ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ನೂರು ವರ್ಷದ ನಂತರ, 1930ರ ದಶಕದ ಆರಂಭದಲ್ಲಿ, ಜಾರ್ಜ್ ಬೋಷಾಂಪ್ ಇದನ್ನೇ ಗಿಟಾರಿಗೆ ಅಳವಡಿಸಿದರು. ಪಿಕಪ್ ಮೇಲೆ ನೈಲಾನ್ ದಾರ ಎಳೆದು ಮೀಟಿ, ಆಮೇಲೆ ಉಕ್ಕಿನ ತಂತಿ ಮೀಟಿ. ಒಂದು ಮೌನ, ಇನ್ನೊಂದು ನಾದ. ಮಗುವಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಆಂಪಿನ ಗುಂಯ್ ಸದ್ದು ಮನೆಯ ವಿದ್ಯುತ್ತಿನ 50 ಹರ್ಟ್ಜ್ ಅಲೆಯನ್ನೂ ಅದರ ಗುಣಕಗಳನ್ನೂ ಪಿಕಪ್ ಹಿಡಿದುಕೊಂಡದ್ದರಿಂದ ಬರುತ್ತದೆ. ಗಿಟಾರ್ ಹಿಡಿದು ಕೋಣೆಯಲ್ಲಿ ಸುತ್ತಿದರೆ ಒಂದು ದಿಕ್ಕಿನಲ್ಲಿ ಸದ್ದು ಹೆಚ್ಚುತ್ತದೆ, ಇನ್ನೊಂದರಲ್ಲಿ ತಗ್ಗುತ್ತದೆ. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಸುತ್ತಿ, ಕಾಂತಗಳನ್ನೂ ತಿರುಗಿಸಿಟ್ಟರೆ ಗುಂಯ್ ಸದ್ದುಗಳು ಒಂದನ್ನೊಂದು ಅಳಿಸುತ್ತವೆ, ತಂತಿಯ ನಾದಗಳು ಕೂಡಿಕೊಳ್ಳುತ್ತವೆ. ಇದು 1950ರ ದಶಕದಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ರೂಪಿಸಿದ ಹಂಬಕರ್. ಋಣ-ಧನ ಸಂಖ್ಯೆಗಳ ಕೂಡುವಿಕೆಯನ್ನು ಕಿವಿಯಿಂದ ಕೇಳಿಸುವ ಬೇರೆ ಸಾಧನ ನನಗೆ ಗೊತ್ತಿಲ್ಲ. ಇದಕ್ಕಾಗಿಯೇ ವಾದ್ಯ ಕೊಳ್ಳುವಾಗ ಒಂದು ಹಂಬಕರ್, ಎರಡು ಒಂಟಿ ಸುರುಳಿಯ ಪಿಕಪ್ ಇರುವ ಮಾದರಿ ಸಿಕ್ಕರೆ ಅದನ್ನೇ ಆರಿಸಿ; ಸ್ವಿಚ್ ತಿರುಗಿಸಿದರೆ ವ್ಯತ್ಯಾಸ ಅಲ್ಲೇ ಕೇಳುತ್ತದೆ.

ಕನ್ನಡ

ಇದನ್ನು ಯಾರೂ ನಿರೀಕ್ಷಿಸುವುದಿಲ್ಲ, ಆದರೆ ನಂಟು ಬಹಳ ಗಟ್ಟಿ. ಪ್ರೌಢಶಾಲೆಯಲ್ಲಿ ಮಕ್ಕಳು ಪ್ರಸ್ತಾರ ಹಾಕಿ ಲಘು-ಗುರು ಗುರುತಿಸುತ್ತಾರೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಬಹುತೇಕ ಮಕ್ಕಳಿಗೆ ಅದು ಅಂಕಕ್ಕಾಗಿ ಮಾಡುವ ಗೆರೆ-ಕೊಕ್ಕೆಯ ಕೆಲಸ. ಗಿಟಾರಿನಲ್ಲಿ ಅಂಗೈಯ ಅಂಚನ್ನು ತಂತಿಯ ಮೇಲಿಟ್ಟು ದಪ್ಪ ತಂತಿಯನ್ನು ಮಾತ್ರೆಗೊಂದರಂತೆ ಮೀಟಲು ಹೇಳಿ, ಗಣದ ಮೊದಲ ಮಾತ್ರೆಗೆ ಒತ್ತು ಕೊಡಲಿ. ಉತ್ಸಾಹ ರಗಳೆಯಲ್ಲಿ ಮೂರರ ಗಣ, ಮಂದಾನಿಲದಲ್ಲಿ ನಾಲ್ಕರದು, ಲಲಿತದಲ್ಲಿ ಐದರದು. ಮೂರೂ ಬೇರೆ ಬೇರೆ ರಿಫ್‌ಗಳಾಗುತ್ತವೆ (ಮತ್ತೆ ಮತ್ತೆ ನುಡಿಸುವ ಸಣ್ಣ ತುಣುಕುಗಳು), ಮಗುವೇ ಸ್ವರ ತುಂಬಬಹುದು.

ಭಾಮಿನಿ ಷಟ್ಪದಿಗೆ ಬಂದಾಗ ಮಗುವಿನ ಮುಖ ನೋಡಬೇಕು. ಒಂದು, ಎರಡು, ನಾಲ್ಕು ಮತ್ತು ಐದನೇ ಸಾಲುಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು, ಒಟ್ಟು 14 ಮಾತ್ರೆ. ಮೂರು ಮತ್ತು ಆರನೇ ಸಾಲುಗಳಲ್ಲಿ ಮೂರು-ನಾಲ್ಕು ಮೂರು ಬಾರಿ ಬಂದು ಕೊನೆಗೊಂದು ಗುರು, ಒಟ್ಟು 23. ಮೂರು-ನಾಲ್ಕು ಎಂದರೆ ಏಳು. ಕರ್ನಾಟಕ ಸಂಗೀತದ ಮಿಶ್ರ ಛಾಪು ಅದೇ, ರಾಕ್ ಸಂಗೀತಗಾರರು ಕಷ್ಟದ ತಾಳವೆಂದು ಅಭ್ಯಾಸ ಮಾಡುವ 7/8 ಕೂಡ ಅದೇ. ಪಾಠದಲ್ಲಿರುವ ಯಾವುದಾದರೂ ಭಾಮಿನಿ ಪದ್ಯವನ್ನು ಅಮ್ಮ ಓದಲಿ, ಮಗು ಅದರ ಕೆಳಗೆ ಏಳರ ರಿಫ್ ನುಡಿಸಲಿ. ಮೂರನೇ ಸಾಲಿನ ಕೊನೆಯ ಗುರುವಿನ ಬಳಿ ಏಳರ ಲೆಕ್ಕ ತುಂಬುವುದಿಲ್ಲ. ಅಲ್ಲಿ ಎಳೆಯಬೇಕೋ, ಸುಮ್ಮನಿರಬೇಕೋ ಎಂದು ಮಗು ತೀರ್ಮಾನಿಸಬೇಕು, ಗಮಕಿಗಳೂ ಎದುರಿಸುವ ಪ್ರಶ್ನೆ ಅದು.

ಮಗು ಕರ್ನಾಟಕ ಸಂಗೀತವನ್ನೂ ಕಲಿಯುತ್ತಿದ್ದರೆ ಇನ್ನೂ ಸುಲಭ. ರಾಕ್ ಗಿಟಾರಿನಲ್ಲಿ ಮೊದಲು ಕಲಿಸುವ ಐದು ಸ್ವರಗಳ ಸ್ಕೇಲ್ ಮೈನರ್ ಪೆಂಟಟಾನಿಕ್‌ನ ಸ್ವರಗಳು ಶುದ್ಧ ಧನ್ಯಾಸಿಯವು, ಮೇಜರ್ ಪೆಂಟಟಾನಿಕ್ ಮೋಹನದವು, ಮೇಜರ್ ಸ್ಕೇಲ್ ಶಂಕರಾಭರಣದವು. ಸ್ವರಗಳು ಒಂದೇ ಆದರೂ ಗಮಕವಿಲ್ಲದೆ ರಾಗ ಆಗುವುದಿಲ್ಲ ಎಂಬುದನ್ನು ಮಗು ತಂತಿ ಬಗ್ಗಿಸುತ್ತಾ ಕಂಡುಕೊಳ್ಳುತ್ತದೆ. ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ, ಆರ್. ಪ್ರಸನ್ನ ಎಲೆಕ್ಟ್ರಿಕ್ ಗಿಟಾರಿನಲ್ಲಿ ಕರ್ನಾಟಕ ಸಂಗೀತವನ್ನು ಕಛೇರಿ ವೇದಿಕೆಗೆ ತಂದವರು. ಅವರನ್ನು ಕೇಳಿಸಿ.

ಸಮಾಜ ವಿಜ್ಞಾನ

ನಂಟು ಇದೆ, ಆದರೆ ಇಲ್ಲಿ ಅಳೆಯುವುದಕ್ಕಿಂತ ಕೇಳುವುದು, ಓದುವುದು ಹೆಚ್ಚು. ಅಮೆರಿಕದ ಮಿಸಿಸಿಪ್ಪಿಯ ಹತ್ತಿಯ ಹೊಲಗಳಲ್ಲಿ ದುಡಿದ ಕಪ್ಪು ಜನರ ಬ್ಲೂಸ್ ಸಂಗೀತ ವಲಸೆಯೊಂದಿಗೆ ಉತ್ತರದ ನಗರಗಳಿಗೆ ಬಂತು. 1910ರಿಂದ 1970ರವರೆಗೆ ದಕ್ಷಿಣ ರಾಜ್ಯಗಳನ್ನು ಬಿಟ್ಟವರು ಸುಮಾರು 60 ಲಕ್ಷ. ಬ್ಲೂಸ್ ಗಾಯಕ, ಗಿಟಾರ್ ವಾದಕ ಮಡ್ಡಿ ವಾಟರ್ಸ್ 1943ರಲ್ಲಿ ಶಿಕಾಗೊ ಸೇರಿದರು. ಗದ್ದಲದ ಕ್ಲಬ್‌ಗಳಲ್ಲಿ ಅಕೌಸ್ಟಿಕ್ ಕೇಳಿಸದೆ ಎಲೆಕ್ಟ್ರಿಕ್ ಹಿಡಿದರು. ನಮ್ಮ ಹಳ್ಳಿಗಳಿಂದ ಬೆಂಗಳೂರಿಗೆ ಬಂದವರ ಮಕ್ಕಳಿಗೆ ಈ ಕಥೆ ಬೇಗ ತಟ್ಟುತ್ತದೆ. ಕೈಗಾರಿಕೆಯ ಪಾಠಕ್ಕೆ ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಇದ್ದಾರೆ: ಹದಿನೇಳನೇ ವಯಸ್ಸಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಎರಡು ಬೆರಳ ತುದಿ ಕಳೆದುಕೊಂಡ ಎಡಗೈ ಹುಡುಗ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ತೆಳು ತಂತಿ ಹಾಕಿದರು, ಮುಂದೆ ಶ್ರುತಿಯನ್ನೂ ಮೂರು ಸ್ವರಸ್ಥಾನ ಇಳಿಸಿದರು. ಮೂರು ಸ್ಥಾನ ಇಳಿಸಿದರೆ ತಂತಿಯ ಬಿಗಿತ ಸುಮಾರು ಶೇ. 71ಕ್ಕೆ ಬರುತ್ತದೆ. ಹೆವಿ ಮೆಟಲ್‌ನ ಆ ಭಾರವಾದ ನಾದಕ್ಕೆ ಆ ನೋವೂ ಒಂದು ಕಾರಣ.

ನಮ್ಮ ನೆಲದ ನಂಟು ಬೀಟೆ ಮರದಲ್ಲಿದೆ. ಗಿಟಾರಿನ ಫ್ರೆಟ್‌ಬೋರ್ಡ್‌ಗೆ ಜಗತ್ತಿನಾದ್ಯಂತ ಬಳಸುವ ಇಂಡಿಯನ್ ರೋಸ್‌ವುಡ್ ನಮ್ಮ ಪಶ್ಚಿಮ ಘಟ್ಟದ ಈ ಮರವೇ. 2017ರ ಜನವರಿಯಲ್ಲಿ ಈ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ ಪರವಾನಗಿ ಕಡ್ಡಾಯವಾಯಿತು. ಗಿಟಾರ್ ಕಂಪನಿಗಳು ಬೇರೆ ಮರಗಳತ್ತ ಹೊರಳಿದವು, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಮನೆಗಳ ಮಕ್ಕಳಿಗೆ ಬೀಟೆ ಕಣ್ಣೆದುರಿನ ಮರ, ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದೂ ಅವರಿಗೆ ಗೊತ್ತು. ತಮ್ಮ ಗಿಟಾರಿನ ಫ್ರೆಟ್‌ಬೋರ್ಡ್ ಯಾವ ಮರದ್ದು, ಎಲ್ಲಿಂದ ಬಂತು ಎಂದು ಹುಡುಕುವುದು ಒಂದು ತಿಂಗಳ ಯೋಜನೆಗೆ ತಕ್ಕ ವಿಷಯ.

ಇಂಗ್ಲಿಷ್‌ಗೆ ಹಾಡಿನ ಸಾಹಿತ್ಯ ಕೇಳಿ ಬರೆದುಕೊಳ್ಳುವುದು ಕಿವಿಗೆ ಒಳ್ಳೆಯ ಅಭ್ಯಾಸ, ಸಾಹಿತ್ಯ ವಯಸ್ಸಿಗೆ ತಕ್ಕದ್ದೇ ಎಂದು ಮೊದಲು ನೀವು ನೋಡಿದರೆ ಸಾಕು.

ಪರೀಕ್ಷೆಯ ತಿಂಗಳುಗಳು

ಜನವರಿ ಬಂತೆಂದರೆ ಗಿಟಾರನ್ನು ಅಟ್ಟಕ್ಕೇರಿಸುವ ಮನೆಗಳು ಹೆಚ್ಚು, ಎಸ್‌ಎಸ್‌ಎಲ್‌ಸಿ ಮನೆಗಳಂತೂ ಮೊದಲೇ. ಪೂರ್ತಿ ನಿಲ್ಲಿಸುವುದು, ತರಗತಿ ನಿಲ್ಲಿಸಿ ಮನೆಯಲ್ಲಿ ನುಡಿಸುವುದು, ಎಂದಿನಂತೆ ಮುಂದುವರಿಸುವುದು ಎಂಬ ಮೂರರಲ್ಲಿ ನಡುವಿನದನ್ನೇ ಆರಿಸಿ. ಮೂರು ತಿಂಗಳು ಮುಟ್ಟದಿದ್ದರೆ ಬೆರಳ ತುದಿ ಮತ್ತೆ ಮೆತ್ತಗಾಗುತ್ತದೆ, ಮತ್ತೆ ಮೊದಲಿನ ನೋವಿನಿಂದಲೇ ಶುರು ಮಾಡಬೇಕು. ದಿನಕ್ಕೆ ಹತ್ತು ನಿಮಿಷ, ಹೊಸದೇನೂ ಬೇಡ, ಬರುವುದನ್ನೇ ನುಡಿಸಲಿ. ನಂಟಿನ ಯೋಜನೆಗಳೂ ಈ ತಿಂಗಳುಗಳಲ್ಲಿ ಬೇಡ. ಮೇಷ್ಟರಿಗೆ ಮೊದಲೇ ತಿಳಿಸಿ, ಏಪ್ರಿಲ್‌ನಿಂದ ಮತ್ತೆ ಬರುವ ದಿನ ಗೊತ್ತುಮಾಡಿಕೊಳ್ಳಿ. ಆಂಪನ್ನು ಬೇಕಾದರೆ ಕಪಾಟಿಗೆ ಸೇರಿಸಿ, ಗಿಟಾರ್ ಮಾತ್ರ ಕೈಗೆ ಸಿಗುವಂತೆ ಸ್ಟ್ಯಾಂಡಿನ ಮೇಲೇ ಇರಲಿ. ಆಂಪ್ ಇಲ್ಲದೆಯೂ ಅದು ನುಡಿಸುವ ಮಗುವಿಗೆ ಕೇಳುವಷ್ಟು ನುಡಿಯುತ್ತದೆ, ಪಕ್ಕದ ಕೋಣೆಯಲ್ಲಿ ಓದುವ ಅಕ್ಕನಿಗೆ ತೊಂದರೆಯಾಗುವುದಿಲ್ಲ.